ಸಾಲಿ ಮಾಸ್ತರಿಕೆಗೆ ಎಷ್ಟು ಸಾಲ?

ಬಿ.ಇಡಿ ಮುಗಿಸಿದರೆ ನೌಕರಿ ಖಾತ್ರಿ ಎಂಬ ನಂಬಿಕೆ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಆದರೆ ಮೊದಲ ಸಂಬಳ ಕೈಗೆ ಬರುವ ಮುನ್ನವೇ ಸಾಲದ ಕಂತು ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಪ್ರವೇಶ ಪಡೆಯುವ ಮುನ್ನ ತಂದೆ–ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಹಾಕಬೇಕಾದ ಲೆಕ್ಕ ಇಲ್ಲಿದೆ.

ಪದವಿ ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಝೆರಾಕ್ಸ್ ಅಂಗಡಿಗಳ ಮುಂದೆ ನಿಂತರೆ ಸಾಕು, ಜಿಲ್ಲೆಯ ಯುವಜನರ ಮನಸ್ಸು ಯಾವ ಕಡೆ ವಾಲಿದೆ ಎಂಬುದು ತಿಳಿಯುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ. ಪಕ್ಕದಲ್ಲಿ ಹೊಲದ ಕೆಲಸ ಬಿಟ್ಟು ಬಂದ ತಂದೆ, ಇಲ್ಲವೇ ತಲೆ ಮೇಲೆ ಸೆರಗು ಹೊದ್ದ ತಾಯಿ. ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: ಬಿ.ಇಡಿ.

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಒಣಬೇಸಾಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಮಗಳು ಬಿ.ಎ. ಮುಗಿಸಿದ್ದಾಳೆ. ಮಗ ಇನ್ನೂ ಪಿ.ಯು.ಸಿ.ಯಲ್ಲಿದ್ದಾನೆ. ರಾತ್ರಿ ಊಟದ ಹೊತ್ತಿನಲ್ಲಿ ಮಾತು ಬರುತ್ತದೆ.

‘ಯಪ್ಪಾ, ಸರ್ಕಾರಿ ನೌಕರಿ ಸಿಕ್ರ ಎರಡು ವರ್ಷದಾಗ ಸಾಲ ಎಲ್ಲಾ ತೀರಿಸ್ತೀನಿ.’

‘ಸಿಗಲಿಲ್ಲಂದ್ರ ಯವ್ವಾ?’

ಮಗಳಿಗೆ ಉತ್ತರ ತೋಚುವುದಿಲ್ಲ. ತಂದೆಯೂ ಮತ್ತೆ ಕೇಳುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ. ಮರುದಿನ ಸಾಲದ ಹುಡುಕಾಟ ಶುರುವಾಗುತ್ತದೆ. ಹೆಸರು ಬೇರೆ, ಊರು ಬೇರೆ. ಈ ಸಂಭಾಷಣೆ ಮಾತ್ರ ಜಿಲ್ಲೆಯ ಅನೇಕ ಮನೆಗಳಿಗೆ ಪರಿಚಿತ. ‘ಸಿಗಲಿಲ್ಲಂದ್ರ’ ಎಂಬ ಆ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದುಕೊಂಡು ಮುಂದಡಿ ಇಡುವುದು ಜಾಣತನ.

ಮಾಸ್ತರಿಕೆಯ ಮೇಲಿನ ಮೋಹ

ಈ ಭಾಗದವರಿಗೆ ಶಿಕ್ಷಕ ವೃತ್ತಿಯ ಮೇಲಿರುವ ಗೌರವಕ್ಕೆ ಇತಿಹಾಸದ ಕಾರಣವಿದೆ. 1948ರವರೆಗೆ ಈ ಪ್ರದೇಶ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್‌ಜಂಗ್ ಜಾಗೀರಿಗೆ ಸೇರಿತ್ತು. ಕಚೇರಿಯ ಭಾಷೆ ಉರ್ದು. ಕನ್ನಡ ಶಾಲೆ ಕಾಣುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಕ್ಷರ ಕಲಿಸುವ ಮಾಸ್ತರರು ಊರಿಗೆ ದೊಡ್ಡವರು. ಕಾಗದ ಬರೆಯಲು, ಓದಲು, ಜಗಳ ತೀರಿಸಲು ಎಲ್ಲದಕ್ಕೂ ಅವರೇ ಬೇಕಿತ್ತು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗಲೂ ಇಲ್ಲಿನ ಹಳ್ಳಿಗಳಲ್ಲಿ ‘ಸರ್ಕಾರಿ ನೌಕರಿ’ ಎಂದರೆ ಕಣ್ಣಿಗೆ ಕಾಣುತ್ತಿದ್ದುದು ಮುಖ್ಯವಾಗಿ ಶಾಲೆಯ ಮಾಸ್ತರಿಕೆಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೋಹ ಇನ್ನೂ ಹೆಚ್ಚು. ಊರ ಹತ್ತಿರವೇ ಕೆಲಸ, ಮರ್ಯಾದೆಯ ವೃತ್ತಿ, ಬೇಸಿಗೆ ರಜೆ. ಬೀಗರು ಕೇಳಿದರೆ ಹೇಳಿಕೊಳ್ಳಲೂ ಚೆನ್ನ. ಈ ಯಾವ ಕಾರಣವನ್ನೂ ತಪ್ಪೆನ್ನಲಾಗದು. ಆದರೆ ವೃತ್ತಿಯ ಮರ್ಯಾದೆ ಬೇರೆ, ಅದನ್ನು ಸೇರಲು ತೆರುವ ಬೆಲೆ ಬೇರೆ.

ಹಿಂದೊಮ್ಮೆ ಟಿ.ಸಿ.ಎಚ್. (ಆಮೇಲೆ ಡಿ.ಇಡಿ) ಕೋರ್ಸಿಗೆ ಹೀಗೆಯೇ ಜನ ಮುಗಿಬಿದ್ದಿದ್ದರು. ಬೀದಿಗೊಂದು ಕಾಲೇಜು ತೆರೆಯಿತು. ಹೊಲ ಮಾರಿ ಸೀಟು ಕೊಂಡವರೂ ಇದ್ದರು. ನೇಮಕಾತಿ ನಿಂತ ಮೇಲೆ ಆ ಕಾಲೇಜುಗಳಲ್ಲಿ ಅನೇಕವು ಬಾಗಿಲು ಹಾಕಿದವು. ಆ ಕತೆ ಮರೆತರೆ ಅದೇ ತಪ್ಪು ಬಿ.ಇಡಿ ಹೆಸರಿನಲ್ಲಿ ಮರುಕಳಿಸುತ್ತದೆ.

ಒಂದು ವರ್ಷ ಎರಡಾಯಿತು

ಮೊದಲು ಬಿ.ಇಡಿ ಒಂದು ವರ್ಷದ ಕೋರ್ಸು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್.ಸಿ.ಟಿ.ಇ.) 2014ರಲ್ಲಿ ತಂದ ನಿಯಮಗಳಂತೆ 2015–16ರಿಂದ ಅದು ಎರಡು ವರ್ಷವಾಯಿತು. ತರಗತಿಗೆ ಶೇ 80, ಶಾಲಾ ಅನುಭವಕ್ಕೆ ಶೇ 90 ಹಾಜರಾತಿ ಕಡ್ಡಾಯ. ಉತ್ತಮ ಶಿಕ್ಷಕರು ತಯಾರಾಗಬೇಕೆಂಬ ಉದ್ದೇಶ ಒಳ್ಳೆಯದೇ. ಬಡ ಕುಟುಂಬಕ್ಕೆ ಮಾತ್ರ ಖರ್ಚು ಎರಡರಷ್ಟಾಯಿತು. ನಾಲ್ಕು ವರ್ಷದ ಪದವಿ ಪಡೆದವರಿಗೆ ಒಂದು ವರ್ಷದ ಬಿ.ಇಡಿಯನ್ನು ಮತ್ತೆ ತರುವ ಪ್ರಸ್ತಾಪ ಎನ್.ಸಿ.ಟಿ.ಇ.ಯ 2025ರ ಕರಡಿನಲ್ಲಿತ್ತು. ಮೂರು ವರ್ಷದ ಪದವಿಯವರು ಅದನ್ನು ನಂಬಿ ಕೂರುವಂತಿಲ್ಲ.

ಖರ್ಚು ಎಂದರೆ ಕಾಲೇಜಿನ ಶುಲ್ಕ ಮಾತ್ರ ಎಂದು ಅನೇಕರು ಭಾವಿಸುತ್ತಾರೆ. ಪರೀಕ್ಷಾ ಶುಲ್ಕ, ಪಾಠಯೋಜನೆಯ ಪುಸ್ತಕ, ಚಾರ್ಟು, ಸಮವಸ್ತ್ರ, ಅಭ್ಯಾಸ ಪಾಠಕ್ಕೆ ಶಾಲೆಗೆ ಓಡಾಟ, ಕೊಠಡಿ ಬಾಡಿಗೆ, ಊಟ. ಇವೆಲ್ಲ ಸೇರಿದಾಗ ಮೊತ್ತ ಬೇರೆಯೇ ಆಗುತ್ತದೆ.

ಕಣ್ಣಿಗೆ ಕಾಣದ ಖರ್ಚೂ ಒಂದಿದೆ. ಎರಡು ವರ್ಷ ದುಡಿಯದೆ ಕೂರುವುದು. ಗಂಗಾವತಿಯ ಅಂಗಡಿಯಲ್ಲೋ ಗಿಣಿಗೇರಿಯ ಕಾರ್ಖಾನೆಯಲ್ಲೋ ತಿಂಗಳಿಗೆ 10 ಸಾವಿರ ರೂ. ಸಿಗಬಹುದಾಗಿತ್ತು ಎಂದಿಟ್ಟುಕೊಂಡರೆ, ಎರಡು ವರ್ಷಕ್ಕೆ ಬಿಟ್ಟುಕೊಟ್ಟ ಆದಾಯ 2 ಲಕ್ಷ 40 ಸಾವಿರ ರೂ. ಪದವೀಧರ ನಿರುದ್ಯೋಗಿಗಳಿಗೆಂದು 2024ರ ಜನವರಿಯಲ್ಲಿ ಆರಂಭವಾದ ‘ಯುವನಿಧಿ’ಯ ತಿಂಗಳ 3,000 ರೂ. ಕೂಡ ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅನ್ವಯಿಸದು. ಈ ಮೊತ್ತ ಯಾವ ರಸೀದಿಯಲ್ಲೂ ಬರೆದಿರುವುದಿಲ್ಲ. ಆದರೂ ಅದು ಖರ್ಚೇ.

ಸಾಲದ ಬಾಗಿಲುಗಳು

ಹಣ ಹೊಂದಿಸಲು ಹಳ್ಳಿಯ ಕುಟುಂಬದ ಮುಂದೆ ಹಲವು ಬಾಗಿಲುಗಳಿವೆ. ಎಲ್ಲವೂ ಒಂದೇ ಎಂದು ತಿಳಿಯುವುದೇ ದೊಡ್ಡ ಅಪಾಯ.

ಮೊದಲನೆಯದು ಬ್ಯಾಂಕಿನ ಶಿಕ್ಷಣ ಸಾಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಬೇಕು. ಕೋರ್ಸಿನ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆ ಅವಧಿಯಲ್ಲಿ ಸರಳ ಬಡ್ಡಿ ಮಾತ್ರ ಸೇರುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಒಳಗಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೊಂದು 2009ರಲ್ಲಿ ಬಂದಿದೆ. ಅದು ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. ತಾವು ಸೇರುವ ಕಾಲೇಜು ಅದರ ವ್ಯಾಪ್ತಿಗೆ ಬರುತ್ತದೆಯೇ, ಆಡಳಿತ ಮಂಡಳಿ ಸೀಟಿಗೂ ಸಾಲ ಸಿಗುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬ್ಯಾಂಕಿನಲ್ಲಿ ವಿಚಾರಿಸಬೇಕು. ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಎರಡನೆಯದು ಸೊಸೈಟಿಯ ಬೆಳೆಸಾಲ. ಬಡ್ಡಿ ಇಲ್ಲದ ಈ ಸಾಲ ತಂದು ಮಕ್ಕಳ ಫೀಸಿಗೆ ಕಟ್ಟುವ ರೈತರಿದ್ದಾರೆ. ಅವಧಿಯೊಳಗೆ ಮರುಪಾವತಿ ಮಾಡಿದರೆ ಮಾತ್ರ ಅದು ಶೂನ್ಯ ಬಡ್ಡಿಯದು. ತಪ್ಪಿದರೆ ಬಡ್ಡಿ ಬೀಳುತ್ತದೆ, ಮುಂದಿನ ಹಂಗಾಮಿಗೆ ಬೀಜ–ಗೊಬ್ಬರಕ್ಕೆ ಹಣವಿರುವುದಿಲ್ಲ. ಬಿ.ಇಡಿಯ ಫಲ ಕೈಗೆ ಬರಲು ವರ್ಷಗಳು ಬೇಕು. ಬೆಳೆಸಾಲದ ಗಡುವು ಅಷ್ಟು ಕಾಯುವುದಿಲ್ಲ.

ನೀರಾವರಿ ಇರುವವರೂ ನಿಶ್ಚಿಂತರಲ್ಲ. ಭತ್ತದ ಕಣಜವೆನಿಸಿದ ಗಂಗಾವತಿ ಭಾಗದಲ್ಲಿ ಎರಡು ಬೆಳೆ ತೆಗೆಯುವ ರೈತನಿಗೆ ಫೀಸು ದೊಡ್ಡದೆನಿಸುತ್ತಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಹೊಸ ಗೇಟುಗಳ ಅಳವಡಿಕೆಗಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಒಂದು ಬೆಳೆ ತಪ್ಪಿದರೆ ಒಂದು ವರ್ಷದ ಫೀಸು ತಪ್ಪಿದಂತೆ.

ಮೂರನೆಯದು ಸಂಘದ ಸಾಲ, ಅಂದರೆ ಕಿರುಹಣಕಾಸು ಸಂಸ್ಥೆಗಳದ್ದು. ಇದು ತಾಯಿಯ ಹೆಸರಿನಲ್ಲಿ ಬರುತ್ತದೆ. ಕಂತು ವಾರಕ್ಕೊಮ್ಮೆ ಇಲ್ಲವೇ ತಿಂಗಳಿಗೊಮ್ಮೆ, ಸಾಲ ಪಡೆದ ಕೂಡಲೇ ಶುರು. ಮಗಳು ಮೊದಲ ಸೆಮಿಸ್ಟರಿನಲ್ಲಿರುವಾಗಲೇ ತಾಯಿ ಕೂಲಿ ಮಾಡಿ ಕಂತು ತುಂಬಬೇಕು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತೆಂದರೆ ಪರಿಸ್ಥಿತಿಯ ಗಾಂಭೀರ್ಯ ಅರ್ಥವಾದೀತು.

ಕೊನೆಯದು ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕೇಳಲು ಹಗುರ. ವರ್ಷಕ್ಕೆ ಶೇ 36. ಒಂದು ಲಕ್ಷ ತಂದು ಮೂರು ವರ್ಷ ಬಿಟ್ಟರೆ ಬಡ್ಡಿಯೇ 1 ಲಕ್ಷ 8 ಸಾವಿರ. ಅಸಲನ್ನು ಮೀರಿಸಿದ ಬಡ್ಡಿ. ಈ ದರದಲ್ಲಿ ಹಣ ತಂದು ಓದುವ ಪದವಿ ಯಾವುದೇ ಇರಲಿ, ಶಿಕ್ಷಕ ವೃತ್ತಿಯ ಆರಂಭದ ಸಂಬಳ ಅದನ್ನು ಹೊರಲಾರದು.

ಒಂದೇ ಪದವಿ, ಎರಡು ಸಂಬಳ

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಬಿ.ಇಡಿ ಆದವರ ಆರಂಭದ ಸಂಬಳ ಎಷ್ಟು? ಇದಕ್ಕೆ ಒಂದೇ ಉತ್ತರವಿಲ್ಲ.

ಕಾಯಂ ನೇಮಕಾತಿ ಆದವರ ಭಾಗ್ಯ ಒಂದು ಬಗೆ. ಆರರಿಂದ ಎಂಟನೇ ತರಗತಿಗೆ ಕಲಿಸುವ ಪದವೀಧರ ಪ್ರಾಥಮಿಕ ಶಿಕ್ಷಕರ ವೇತನ ಶ್ರೇಣಿ 2022ರ ನೇಮಕಾತಿಯ ವೇಳೆ 27,650 ರೂ.ಯಿಂದ ಶುರುವಾಗುತ್ತಿತ್ತು. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಅದೇ ಹುದ್ದೆಯ ಆರಂಭದ ಮೂಲ ವೇತನ 44,425 ರೂ. ಪ್ರೌಢಶಾಲಾ ಸಹಶಿಕ್ಷಕರದ್ದು 54,175 ರೂ. 2025ರ ಜುಲೈಯಿಂದ ಅನ್ವಯವಾದ ಶೇ 14.25ರ ತುಟ್ಟಿಭತ್ಯೆ, ಹಳ್ಳಿಯಲ್ಲಿ ಶೇ 7.5ರ ಮನೆ ಬಾಡಿಗೆ ಭತ್ಯೆ ಸೇರಿಸಿದರೆ ಪದವೀಧರ ಪ್ರಾಥಮಿಕ ಶಿಕ್ಷಕರ ಒಟ್ಟು ಸಂಬಳ ಸುಮಾರು 54 ಸಾವಿರ. ಹೊಸ ಪಿಂಚಣಿ ಯೋಜನೆಯ ಶೇ 10ರ ಕಡಿತ, ಕೆ.ಜಿ.ಐ.ಡಿ. ವಿಮೆ, ವೃತ್ತಿ ತೆರಿಗೆ ಕಳೆದು ಕೈಗೆ ಬರುವುದು 45 ಸಾವಿರದ ಆಸುಪಾಸು. ಹಳ್ಳಿಯ ಮನೆಗೆ ಇದು ದೊಡ್ಡ ಮೊತ್ತ.

ಅತಿಥಿ ಶಿಕ್ಷಕರ ಪಾಡು ಇನ್ನೊಂದು ಬಗೆ. 2022ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂ., ಪ್ರೌಢಶಾಲೆಯವರಿಗೆ 10,500 ರೂ. ಗೌರವಧನ ನಿಗದಿಯಾಯಿತು. 2025–26ರ ಬಜೆಟ್‌ನಲ್ಲಿ 2,000 ರೂ. ಹೆಚ್ಚಳ ಘೋಷಣೆಯಾಗಿ 12,000 ಮತ್ತು 12,500 ರೂ. ಆಯಿತು. ಅದೂ ವರ್ಷದ ಹತ್ತು ತಿಂಗಳಿಗೆ. ಬೇಸಿಗೆ ರಜೆಯಲ್ಲಿ ಗೌರವಧನವಿಲ್ಲ. ಮುಂದಿನ ಜೂನ್‌ನಲ್ಲಿ ಅದೇ ಶಾಲೆಯಲ್ಲಿ ಮುಂದುವರಿಯುವ ಖಾತ್ರಿಯೂ ಇಲ್ಲ. ಒಂದು ಹೋಲಿಕೆ ನೋಡಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂ. ಐದು ವರ್ಷ ಕಾಲೇಜು ಓದಿದ ಅತಿಥಿ ಶಿಕ್ಷಕನ 12 ಸಾವಿರವನ್ನು ತಿಂಗಳ 26 ದಿನಕ್ಕೆ ಹಂಚಿದರೆ ದಿನಕ್ಕೆ ಬರುವುದು 461 ರೂ. ನಡುವಿನ ಅಂತರ 91 ರೂಪಾಯಿ!

ಅನುದಾನರಹಿತ ಖಾಸಗಿ ಶಾಲೆಗಳ ಸಂಬಳಕ್ಕೆ ನಿಗದಿ ಇಲ್ಲ. ಶಾಲೆಯಿಂದ ಶಾಲೆಗೆ, ವಿಷಯದಿಂದ ವಿಷಯಕ್ಕೆ ಬೇರೆ. ಇಂಗ್ಲಿಷ್, ಗಣಿತ, ವಿಜ್ಞಾನ ಕಲಿಸುವವರಿಗೆ ಬೇಡಿಕೆ ಇದ್ದಂತೆ ಉಳಿದವರಿಗೆ ಇಲ್ಲ. ಬಹಳಷ್ಟು ಸಣ್ಣ ಶಾಲೆಗಳಲ್ಲಿ ಹೊಸಬರ ಸಂಬಳ ಅತಿಥಿ ಶಿಕ್ಷಕರ ಗೌರವಧನದ ಹತ್ತಿರವೇ ಸುಳಿದಾಡುತ್ತದೆ.

ಲೆಕ್ಕ ಹೀಗಿದೆ

ಉದಾಹರಣೆಗೆ ಒಬ್ಬ ವಿದ್ಯಾರ್ಥಿ ವರ್ಷಕ್ಕೆ ಒಂದು ಲಕ್ಷದಂತೆ ಎರಡು ಲಕ್ಷ ರೂ. ಬ್ಯಾಂಕ್ ಸಾಲ ಪಡೆದ ಎನ್ನೋಣ. ಬಡ್ಡಿ ಶೇ 10 ಎಂದಿಟ್ಟುಕೊಳ್ಳೋಣ. ಕೋರ್ಸಿನ ಎರಡು ವರ್ಷ, ಬಳಿಕದ ಒಂದು ವರ್ಷ ಸೇರಿ ಮೊದಲ ಲಕ್ಷಕ್ಕೆ ಮೂರು ವರ್ಷದ ಬಡ್ಡಿ 30 ಸಾವಿರ, ಎರಡನೇ ಲಕ್ಷಕ್ಕೆ ಎರಡು ವರ್ಷದ ಬಡ್ಡಿ 20 ಸಾವಿರ. ಕಂತು ಶುರುವಾಗುವ ದಿನ ಸಾಲ 2 ಲಕ್ಷ 50 ಸಾವಿರ ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 4,150 ರೂ. ಒಟ್ಟು ಕಟ್ಟುವುದು 3 ಲಕ್ಷ 48 ಸಾವಿರ. ಹತ್ತು ವರ್ಷಕ್ಕೆ ಎಳೆದರೆ ಕಂತು 3,300ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 3 ಲಕ್ಷ 96 ಸಾವಿರಕ್ಕೆ ಏರುತ್ತದೆ.

ಕಾಯಂ ಶಿಕ್ಷಕರಾದವರಿಗೆ 4,150 ರೂ. ಕಂತು ಕೈಗೆ ಬರುವ ಸಂಬಳದ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಅದು ಭಾರವೇ ಅಲ್ಲ. ಅದೇ ಕಂತು ಅತಿಥಿ ಶಿಕ್ಷಕರ ಹೆಗಲಿಗೆ ಬಿದ್ದರೆ? ವರ್ಷದ ಗಳಿಕೆ 1 ಲಕ್ಷ 20 ಸಾವಿರ. ವರ್ಷದ ಕಂತು 49,800. ಉಳಿಯುವುದು 70,200, ತಿಂಗಳಿಗೆ 5,850 ರೂ. ಇದರಲ್ಲಿ ಬಸ್ ಖರ್ಚು, ಊಟ, ಮತ್ತೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕೋಚಿಂಗ್. ಏಪ್ರಿಲ್, ಮೇ ತಿಂಗಳಲ್ಲಂತೂ ಗಳಿಕೆ ಸೊನ್ನೆ, ಕಂತು ಯಥಾಪ್ರಕಾರ.

ಆದ್ದರಿಂದ ಸಾಲವನ್ನು ಅಳೆಯಬೇಕಾದ ಕೋಲು ಕಾಯಂ ಶಿಕ್ಷಕರ 45 ಸಾವಿರ ಅಲ್ಲ, ಅತಿಥಿ ಶಿಕ್ಷಕರ 12 ಸಾವಿರ. ಕೆಟ್ಟ ವರ್ಷದ ಗಳಿಕೆಯ ಐದನೇ ಒಂದು ಪಾಲಿನ ಆಸುಪಾಸಿನಲ್ಲೇ ಕಂತು ನಿಲ್ಲಬೇಕು ಎಂದು ಇಟ್ಟುಕೊಂಡರೆ ಬ್ಯಾಂಕ್ ಸಾಲ ಒಂದು ಲಕ್ಷ ರೂ. ದಾಟಬಾರದು. ಒಂದು ಲಕ್ಷಕ್ಕೆ ಇದೇ ಲೆಕ್ಕದಲ್ಲಿ ಕಂತು 2,075 ರೂ. ಮನೆಯಲ್ಲಿ ದುಡಿಯುವ ಇನ್ನೊಂದು ಕೈ ಇದ್ದರೆ ಸ್ವಲ್ಪ ಹೆಚ್ಚಿಸಬಹುದು. ತಂದೆಯ ಹೆಸರಿನಲ್ಲಿ ಈಗಾಗಲೇ ಸಾಲವಿದ್ದರೆ ಇದನ್ನೂ ಇಳಿಸಬೇಕು. ಕಂತು ತಪ್ಪಿದರೆ ಸಹ ಸಾಲಗಾರರಾದ ತಂದೆಯ ಹೆಸರೂ ಕೆಡುತ್ತದೆ, ನಾಳೆ ತಮ್ಮನ ಓದಿಗೆ ಬ್ಯಾಂಕಿನ ಬಾಗಿಲು ಮುಚ್ಚಬಹುದು.

ಕಾಯುವ ವರ್ಷಗಳು

ಕಾಯಂ ನೇಮಕಾತಿಗೆ ಎಷ್ಟು ಕಾಲ ಕಾಯಬೇಕು ಎಂಬುದೇ ಈ ಲೆಕ್ಕದ ಗಂಟು. 2022ರ ಮೇ ತಿಂಗಳಲ್ಲಿ 15 ಸಾವಿರ ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ವಿವಾಹಿತ ಮಹಿಳೆಯರು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೇ, ಗಂಡನದ್ದೇ ಎಂಬ ವಿವಾದದಲ್ಲಿ ತಿಂಗಳುಗಳು ಉರುಳಿದವು. ಆಯ್ಕೆಯಾದ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆದೇಶ ಕೈಸೇರುವ ಹೊತ್ತಿಗೆ ಪರೀಕ್ಷೆ ಬರೆದು ವರ್ಷ ದಾಟಿತ್ತು. ಒಂದು ಕಡೆ ಸಾವಿರಾರು ನಿರುದ್ಯೋಗಿ ಬಿ.ಇಡಿ ಪದವೀಧರರು, ಇನ್ನೊಂದು ಕಡೆ ಕರೆದ ಹುದ್ದೆಗಳೂ ಪೂರ್ತಿ ತುಂಬದ ವಿಪರ್ಯಾಸ.

ಬಳಿಕ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸದಿರಲು ರಾಜ್ಯ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ ನಿರ್ಧರಿಸಿತು. ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2025ರ ಆಗಸ್ಟ್‌ನಲ್ಲಿ. ಕಾರಣ ನ್ಯಾಯಯುತವೇ ಇರಬಹುದು. ಬ್ಯಾಂಕು ಮಾತ್ರ ಆ ಕಾರಣಕ್ಕೆ ಕಾಯುವುದಿಲ್ಲ. ಕೋರ್ಸು ಮುಗಿದು ಒಂದು ವರ್ಷವಾದ ಕೂಡಲೇ ಕಂತು ಕೇಳುತ್ತದೆ. ಕನಿಷ್ಠ ಮೂರು ವರ್ಷ ಕಾಯಂ ನೌಕರಿ ಇಲ್ಲದೆ ಕಂತು ಕಟ್ಟಲು ಸಾಧ್ಯವೇ ಎಂದು ಮೊದಲೇ ಕೇಳಿಕೊಳ್ಳಬೇಕಾದುದು ಇದಕ್ಕೇ.

ಬಿ.ಇಡಿ ಒಂದೇ ಸಾಲದು ಎಂಬುದನ್ನೂ ನೆನಪಿಡಬೇಕು. ಎಂಟನೇ ತರಗತಿವರೆಗಿನ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿ.ಇ.ಟಿ.) ಪಾಸಾಗಲೇಬೇಕು. ಸಾಮಾನ್ಯ ವರ್ಗಕ್ಕೆ ಶೇ 60 ಅಂಕ ಬೇಕು. 2021ರಿಂದ ಈ ಪ್ರಮಾಣಪತ್ರಕ್ಕೆ ಜೀವಿತಾವಧಿ ಮಾನ್ಯತೆ ಸಿಕ್ಕಿರುವುದು ಸಮಾಧಾನದ ಸಂಗತಿ. ಓದುತ್ತಿರುವಾಗಲೇ ಇದನ್ನು ಮುಗಿಸಿಕೊಂಡವರಿಗೆ ಒಂದು ವರ್ಷ ಉಳಿದಂತೆ.

ಈ ಜಿಲ್ಲೆಗೊಂದು ಬಲ

ಲೆಕ್ಕದಲ್ಲಿ ಕೊಪ್ಪಳದವರ ಪರವಾಗಿರುವ ಅಂಶವೂ ಇದೆ. ಸಂವಿಧಾನದ 371(ಜೆ) ವಿಧಿಯಂತೆ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. 2022ರ 15 ಸಾವಿರ ಹುದ್ದೆಗಳಲ್ಲಿ 5 ಸಾವಿರ ಈ ಭಾಗಕ್ಕೇ ಇದ್ದವು. ಏಳು ಜಿಲ್ಲೆಗಳಿಗೆ ಒಟ್ಟು ಹುದ್ದೆಯ ಮೂರನೇ ಒಂದು ಪಾಲು ಎಂದರೆ ಸಣ್ಣ ಮಾತಲ್ಲ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟುಗಳೂ ಸ್ಥಳೀಯರಿಗೆ ಮೀಸಲು. ಆದರೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು. ಅರ್ಜಿಯ ಕೊನೆಯ ದಿನ ಕಚೇರಿಗೆ ಓಡುವವರು ಎಡವುತ್ತಾರೆ.

ಮೀಸಲು ಇದ್ದ ಮಾತ್ರಕ್ಕೆ ಆಯ್ಕೆ ಖಚಿತವಲ್ಲ. ಅವಕಾಶದ ಬಾಗಿಲು ತುಸು ಅಗಲವಾಗಿದೆ; ದಾಟುವುದು ಅಂಕಗಳ ಬಲದಿಂದಲೇ.

ಸಾಲ ತಗ್ಗಿಸುವ ದಾರಿಗಳು

ಸಾಲ ಎಷ್ಟು ಬೇಕು ಎಂಬುದಕ್ಕಿಂತ ಎಷ್ಟು ಬೇಡ ಎಂದು ಯೋಚಿಸುವುದು ಲಾಭಕರ.

ಬಿ.ಇಡಿಯ ಸರ್ಕಾರಿ ಕೋಟಾದ ಸೀಟುಗಳನ್ನು ಪದವಿಯ ಅಂಕಗಳ ಆಧಾರದ ಮೇಲೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಹಂಚುತ್ತದೆ. ಖಾಸಗಿ ಕಾಲೇಜಿನಲ್ಲೂ ಕೋಟಾ ಸೀಟಿಗೆ ಆಡಳಿತ ಮಂಡಳಿ ಸೀಟಿನಷ್ಟು ಶುಲ್ಕವಿಲ್ಲ. ಕೌನ್ಸೆಲಿಂಗ್ ತಡವಾಯಿತೆಂದು ಅವಸರಪಟ್ಟು ಆಡಳಿತ ಮಂಡಳಿ ಸೀಟಿಗೆ ಹಣ ಕಟ್ಟುವುದು ಈ ಭಾಗದ ಪೋಷಕರು ಮಾಡುವ ಸಾಮಾನ್ಯ ತಪ್ಪು.

ಪರಿಶಿಷ್ಟ ಜಾತಿ, ಪಂಗಡದ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂ. ಒಳಗಿದ್ದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೂ ವಿದ್ಯಾರ್ಥಿವೇತನ, ವಸತಿ ನಿಲಯಗಳಿವೆ. ಕೊಪ್ಪಳದ ಗವಿಮಠದ ಉಚಿತ ಪ್ರಸಾದ ನಿಲಯ ಸಾವಿರಾರು ಬಡ ಮಕ್ಕಳ ಓದಿಗೆ ಆಸರೆಯಾಗಿರುವುದು ಎಲ್ಲರಿಗೂ ಗೊತ್ತು. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಕುಷ್ಟಗಿಯ ಹಳ್ಳಿಯಿಂದ ಕೊಪ್ಪಳಕ್ಕೆ ದಿನವೂ ಹೋಗಿ ಬರುವ ವಿದ್ಯಾರ್ಥಿನಿಗೆ ಕೊಠಡಿ ಬಾಡಿಗೆ ಉಳಿಯುತ್ತದೆ. ಊಟ, ವಸತಿಗೆ ಸಾಲ ಮಾಡದಿದ್ದರೆ ಅರ್ಧ ಯುದ್ಧ ಗೆದ್ದಂತೆ.

ಮಕ್ಕಳು ಇನ್ನೂ ಪಿ.ಯು.ಸಿ.ಯಲ್ಲಿರುವ ಪೋಷಕರು ಬೇರೆ ದಾರಿಗಳನ್ನೂ ನೋಡಬಹುದು. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಬೇಕಿರುವುದು ಪಿ.ಯು.ಸಿ. ನಂತರದ ಎರಡು ವರ್ಷದ ಡಿ.ಎಲ್.ಇಡಿ. ಈ ತರಗತಿಗಳಿಗೆ ಬಿ.ಇಡಿ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ಮುನಿರಾಬಾದಿನಲ್ಲಿ ಜಿಲ್ಲೆಯ ಡಯಟ್ ಇದೆ. ಈ ಹುದ್ದೆಯ ಆರಂಭದ ಮೂಲ ವೇತನ 41,300 ರೂ.; ಪದವೀಧರ ಶಿಕ್ಷಕರಿಗಿಂತ 3,125 ರೂ. ಮಾತ್ರ ಕಡಿಮೆ. ಓದಿನ ಅವಧಿ ಮೂರು ವರ್ಷ ಕಡಿಮೆ. ನೇಮಕಾತಿಗೆ ಕಾಯುವುದು ಇಲ್ಲೂ ತಪ್ಪಿದ್ದಲ್ಲ, ಆದರೆ ಕಾಯುವವನ ತಲೆಯ ಮೇಲಿನ ಸಾಲ ಹಗುರ. ಚೆನ್ನಾಗಿ ಅಂಕ ಗಳಿಸಿದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿ.ಇಡಿ ಸೇರಿದ ನಾಲ್ಕು ವರ್ಷದ ಕೋರ್ಸು ಉಂಟು. ಒಂದು ವರ್ಷದ ಖರ್ಚು ಅಲ್ಲೇ ಉಳಿಯುತ್ತದೆ.

ಕೇಂದ್ರದ ಟಿ.ಇ.ಟಿ. ಪಾಸಾದವರಿಗೆ ಕುಕನೂರಿನಲ್ಲಿರುವಂತಹ ನವೋದಯ ವಿದ್ಯಾಲಯ, ಕೇಂದ್ರೀಯ ವಿದ್ಯಾಲಯಗಳ ಬಾಗಿಲೂ ತೆರೆದಿದೆ. ಅಲ್ಲಿ ಪದವೀಧರ ಶಿಕ್ಷಕರ ಆರಂಭದ ಮೂಲ ವೇತನ 44,900 ರೂ. ಸ್ಪರ್ಧೆ ದೇಶದ ಮಟ್ಟದ್ದು, ಇಂಗ್ಲಿಷ್ ಇಲ್ಲವೇ ಹಿಂದಿ ಬೇಕು.

ಒಂದು ಎಚ್ಚರಿಕೆ. ‘ಕಾಲೇಜಿಗೆ ಬರದಿದ್ದರೂ ನಡೆಯುತ್ತದೆ, ಹಣ ಕಟ್ಟಿದರೆ ಸಾಕು’ ಎನ್ನುವ ಏಜೆಂಟರು ಪ್ರತಿ ವರ್ಷ ಕಾಣಿಸಿಕೊಳ್ಳುತ್ತಾರೆ. ಹಾಜರಾತಿಗೆ ಕಟ್ಟಬೇಕಾದ ಬೆಲೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪಾಠ ಮಾಡಲು ಕಲಿಯದೆ ಪದವಿ ಪಡೆದವರು ಟಿ.ಇ.ಟಿ., ಸಿ.ಇ.ಟಿ.ಗಳಲ್ಲಿ ಉಳಿಯುವುದು ಕಷ್ಟ. ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ಕಟ್ಟೆಯ ಮೇಲೆ ಕೂತು ಕೇಳಬೇಕಾದ ಪ್ರಶ್ನೆಗಳು

ಪ್ರವೇಶಕ್ಕೆ ಮುನ್ನ ಐದು ಪ್ರಶ್ನೆಗಳಿಗೆ ಮನೆಮಂದಿ ಉತ್ತರ ಬರೆದುಕೊಳ್ಳಲಿ. ಎರಡು ವರ್ಷಕ್ಕೆ ಶುಲ್ಕ, ಊಟ, ವಸತಿ ಸೇರಿ ಒಟ್ಟು ಎಷ್ಟು? ಅದರಲ್ಲಿ ವಿದ್ಯಾರ್ಥಿವೇತನ, ಮನೆಯ ಉಳಿತಾಯ ಕಳೆದು ಉಳಿಯುವುದೆಷ್ಟು? ಆ ಹಣ ಯಾವ ಬಾಗಿಲಿನಿಂದ, ಯಾವ ಬಡ್ಡಿಗೆ ಬರುತ್ತದೆ? ಮೂರು ವರ್ಷ ಅತಿಥಿ ಶಿಕ್ಷಕನ ಗೌರವಧನದಲ್ಲೇ ಕಂತು ಕಟ್ಟಬಹುದೇ? ಪದವಿಯಲ್ಲಿ ಓದಿದ ವಿಷಯಕ್ಕೆ ಹಿಂದಿನ ನೇಮಕಾತಿಗಳಲ್ಲಿ ಎಷ್ಟು ಹುದ್ದೆ ಇದ್ದವು?

ಐದಕ್ಕೂ ಸಮಾಧಾನದ ಉತ್ತರ ಸಿಕ್ಕರೆ ಧೈರ್ಯವಾಗಿ ಮುಂದುವರಿಯಬಹುದು. ನಾಲ್ಕನೆಯದಕ್ಕೆ ಸಿಗದಿದ್ದರೆ ಒಂದು ವರ್ಷ ದುಡಿದು, ಕೈಯಲ್ಲಿ ಸ್ವಲ್ಪ ಹಣ ಮಾಡಿಕೊಂಡು ಸೇರುವುದರಲ್ಲಿ ನಾಚಿಕೆಯೇನಿಲ್ಲ.

ಇಷ್ಟೆಲ್ಲ ಹೇಳಿದ್ದು ಶಿಕ್ಷಕರಾಗಬೇಡಿ ಎನ್ನಲು ಅಲ್ಲ. ಈ ಜಿಲ್ಲೆಯ ಶಾಲೆಗಳಿಗೆ ಈ ನೆಲದ ಭಾಷೆ, ಬದುಕು ತಿಳಿದ ಶಿಕ್ಷಕರು ಬೇಕು. ಸಾಲದ ಚಿಂತೆ ಹೊತ್ತು ತರಗತಿಗೆ ಬರುವ ಶಿಕ್ಷಕನಿಗೆ ಮಕ್ಕಳ ಮುಖ ಕಾಣುವುದು ಕಷ್ಟ.

ಯಲಬುರ್ಗಾದ ಆ ಮನೆಗೆ ಮರಳೋಣ. ತಂದೆಯ ಪ್ರಶ್ನೆಗೆ ಮಗಳು ಮರುದಿನ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಲೆಕ್ಕ ಬರೆದು ತಂದಳು ಎನ್ನಿ. ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಮಾತ್ರ ಸೇರುವುದು. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಸಾಲ ಬ್ಯಾಂಕಿನದು ಮಾತ್ರ, ಒಂದು ಲಕ್ಷದ ಒಳಗೆ. ಅವ್ವನ ಸಂಘದ ಸಾಲ ಬೇಡ, ಕೊರಳಿನ ಸರವೂ ಬೇಡ. ಎರಡನೇ ವರ್ಷದಲ್ಲೇ ಟಿ.ಇ.ಟಿ.

ತಂದೆ ಹಾಳೆಯನ್ನು ಎರಡು ಸಲ ನೋಡಿ ಮಡಿಚಿ ಕಿಸೆಯಲ್ಲಿಟ್ಟುಕೊಳ್ಳುತ್ತಾನೆ.

‘ಇಷ್ಟs ಆದ್ರ ನೌಕರಿ ತಡಾ ಆದ್ರೂ ಹೊಲಾ ಉಳೀತೈತಿ. ನಡಿ, ನಾಳೆ ಬ್ಯಾಂಕಿಗೆ ಹೋಗಿ ಕೇಳೂಣು.’